ಯಂತ್ರಹಸ್ತವೂ ಕಾಯಕತತ್ತ್ವವೂ

(ಗೃಹಸ್ಥ ಭಕ್ತರಿಗಾಗಿ ವಚನಧರ್ಮ ಪಾಠ)

೧. ವಿಷಯ



ಕಲ್ಯಾಣದ ಶರಣರು ಲೋಕಕ್ಕೆ ಇತ್ತ ಪದಗಳಲ್ಲಿ 'ಕಾಯಕ' ಎಂಬುದಕ್ಕೆ ಸರಿಸಮನಾದುದು ಬೇರೊಂದಿಲ್ಲ. ವೃತ್ತಿ, ಕಸುಬು, ಉದ್ಯೋಗ, ಚಾಕರಿ ಎಂಬ ಮಾತುಗಳು ಅದಕ್ಕೆ ಸಮೀಪದವುಗಳಾದರೂ ಅದರ ಪೂರ್ಣಾರ್ಥವನ್ನು ಹೊರಲಾರವು. ಹೊಟ್ಟೆಯ ಸಲುವಾಗಿ ಮಾಡತಕ್ಕದ್ದು ವೃತ್ತಿ. ಒಡೆಯನ ಅಂಜಿಕೆಯಿಂದ ಮಾಡತಕ್ಕದ್ದು ಚಾಕರಿ. ಶಿವಾರ್ಪಣಬುದ್ಧಿಯಿಂದ ಮಾಡಿ, ಬಂದ ಫಲವನ್ನು ದಾಸೋಹಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸಿದಾಗ ಅದೇ ದುಡಿಮೆಯು ಕಾಯಕವೆನಿಸುತ್ತದೆ.

ವಚನಶಾಸ್ತ್ರವನ್ನು ಪರ್ಯಾಲೋಚಿಸಿ ನೋಡಿದರೆ ಕಾಯಕಕ್ಕೆ ನಾಲ್ಕು ಲಕ್ಷಣಗಳು ಕಂಡುಬರುತ್ತವೆ. ಮೊದಲನೆಯದು, ಅದು ಸತ್ಯಶುದ್ಧವಾಗಿರಬೇಕು. ಕಾಣುವಲ್ಲಿ ಒಂದು, ಕಾಣದಲ್ಲಿ ಒಂದು ಎಂಬ ಭೇದ ಅಲ್ಲಿ ಸಲ್ಲದು. ಎರಡನೆಯದು, ಅದು ಆಸೆಯ ಬೆನ್ನು ಹತ್ತಬಾರದು. ಮೂರನೆಯದು, ಅದರಲ್ಲಿ ಮೇಲು ಕೀಳುಗಳ ಎಣಿಕೆ ಇರಬಾರದು. ನಾಲ್ಕನೆಯದು, ಅದು ದಾಸೋಹದಲ್ಲಿ ಕೊನೆಗೊಳ್ಳಬೇಕು. ಮಡಿವಾಳ ಮಾಚಯ್ಯನವರ ಬಟ್ಟೆ, ಅಂಬಿಗರ ಚೌಡಯ್ಯನವರ ಹುಟ್ಟು, ಮೇದಾರ ಕೇತಯ್ಯನವರ ಬಿದಿರು, ಮೋಳಿಗೆ ಮಾರಯ್ಯನವರ ಕಟ್ಟಿಗೆಯ ಹೊರೆ ಇವೆಲ್ಲವೂ ಒಂದೇ ತಕ್ಕಡಿಯಲ್ಲಿ ಸಮತೂಕವಾದುದು ಈ ನಾಲ್ಕು ಲಕ್ಷಣಗಳಿಂದಲೇ.

ಇಷ್ಟನ್ನು ನಮ್ಮ ಓದುಗರು ಅರಿತೇ ಇದ್ದಾರೆ. ಆದರೆ ಕಾಲವು ಹೊಸ ಹೊಸ ಕೆಲಸಗಳನ್ನು ತರುತ್ತದೆ. ಆ ಕೆಲಸಗಳು ಹೊಸ ಸಂಶಯಗಳನ್ನೂ ಜೊತೆಗೆ ತರುತ್ತವೆ. ಬಸವಕಲ್ಯಾಣ ಹುಮನಾಬಾದುಗಳ ಸುತ್ತಿನ ಹಳ್ಳಿಗಳಿಂದ ಕಾರ್ಖಾನೆಗಳಿಗೆ ಹೋದ ತರುಣರು ಜಾತ್ರೆಗೋ ಶ್ರಾವಣಕ್ಕೋ ಊರಿಗೆ ಬಂದಾಗ ಮಠದಲ್ಲಿ ಕೇಳುವ ಪ್ರಶ್ನೆಯೊಂದಿದೆ: "ಬೆಸುಗೆಯನ್ನು ಹಾಕುವುದು ಯಂತ್ರದ ಕೈ. ನಾವು ಬೇಲಿಯ ಹೊರಗೆ ನಿಂತು ಗುಂಡಿಯನ್ನು ಒತ್ತುವವರು. ನಮ್ಮದು ಕಾಯಕವೇ?" ಈ ತಿಂಗಳ ಪಾಠದಲ್ಲಿ ಈ ಪ್ರಶ್ನೆಯನ್ನೇ ಕ್ರಮವಾಗಿ ವಿಚಾರಿಸೋಣ.

೨. ಕೆಲಸದ ಸ್ವರೂಪ

ತಿಳಿಯದ ವಸ್ತುವಿನ ಗುಣದೋಷಗಳನ್ನು ನಿರ್ಣಯಿಸುವುದು ಸಾಧುವಲ್ಲ. ಆದಕಾರಣ ಈ ಕೆಲಸವು ಎಂತಹದೆಂಬುದನ್ನು ಮೊದಲು ತಿಳಿಯಬೇಕು.

ಬೆಸುಗೆ ಅಥವಾ ವೆಲ್ಡಿಂಗ್ ನಮ್ಮ ಭಾಗಕ್ಕೆ ಹೊಸದಲ್ಲ. ಪುಣೆ-ಹೈದರಾಬಾದು ಹೆದ್ದಾರಿಯಲ್ಲಿ ಸಾಗುವ ಲಾರಿಗಳಿಗೆ ಬಸವಕಲ್ಯಾಣದ ಆಟೋನಗರವು ಚಿರಪರಿಚಿತ. ಲಾರಿಯ ಒಡಲನ್ನು ಕಟ್ಟುವವರು, ಮುರಿದ ಚೌಕಟ್ಟನ್ನು ಜೋಡಿಸುವವರು, ಬಣ್ಣ ಬಳಿಯುವವರು ಅಲ್ಲಿ ಅನೇಕರಿದ್ದಾರೆ. ಬಲಗೈಯಲ್ಲಿ ಬೆಸುಗೆಯ ಕಡ್ಡಿ, ಎಡಗೈಯಲ್ಲಿ ಕಪ್ಪು ಗಾಜಿನ ಮರೆ ಹಿಡಿದು ಕುಳಿತ ಕಾರ್ಮಿಕನನ್ನು ನೋಡದವರು ನಮ್ಮಲ್ಲಿ ವಿರಳ. ವಿದ್ಯುತ್ತಿನ ಕಿಡಿಯು ಕಡ್ಡಿಯಿಂದ ಕಬ್ಬಿಣಕ್ಕೆ ಹಾರುವಾಗ ಸಾವಿರಾರು ಡಿಗ್ರಿಗಳ ಉಷ್ಣತೆ ಹುಟ್ಟುತ್ತದೆ. ಶುದ್ಧವಾದ ಕಬ್ಬಿಣವು ಕರಗಲು ೧೫೩೮ ಡಿಗ್ರಿ ಸೆಂಟಿಗ್ರೇಡು ಸಾಕು. ಎರಡು ಅಂಚುಗಳೂ ಕರಗಿ ಒಂದು ಪುಟ್ಟ ಕೆರೆಯಂತಾಗಿ, ಆರಿದಾಗ ಒಂದೇ ಲೋಹವಾಗಿ ನಿಲ್ಲುತ್ತವೆ.

ರೋಬೋಟು ಎಂಬ ಯಂತ್ರಹಸ್ತವು ಮಾಡುವುದೂ ಇದನ್ನೇ. ಅದಕ್ಕೆ ಸಾಮಾನ್ಯವಾಗಿ ಆರು ಸಂದುಗಳಿರುತ್ತವೆ. ನಮ್ಮ ಹೆಗಲು, ಮೊಣಕೈ, ಮಣಿಕಟ್ಟುಗಳಂತೆ ಅವು ತಿರುಗುತ್ತವೆ. ತುದಿಯಲ್ಲಿ ಬೆಸುಗೆಯ ಮೂತಿ ಇದೆ. ಅದರೊಳಗಿಂದ ಸುಮಾರು ೧ ಮಿಲಿಮೀಟರು ದಪ್ಪದ ತಂತಿಯು ಸತತವಾಗಿ ಹೊರಬರುತ್ತದೆ. ತಂತಿಯ ಸುತ್ತ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್‌ಗಳ ಮಿಶ್ರವಾಯು ಹರಿದು ಕರಗಿದ ಲೋಹವನ್ನು ಗಾಳಿಯಿಂದ ಕಾಪಾಡುತ್ತದೆ. ಆಪರೇಟರನು ಬಿಡಿಭಾಗಗಳನ್ನು ಕಟ್ಟಿನಲ್ಲಿ ಕೂರಿಸಿ, ಬಿಗಿದು, ಹೊರಗೆ ಬಂದು, ಬಾಗಿಲು ಮುಚ್ಚಿ ಆಜ್ಞೆ ಕೊಡುತ್ತಾನೆ. ಕೈಯು ತನಗೆ ಕಲಿಸಿದ ಹಾದಿಯಲ್ಲಿ ಚಲಿಸಿ ಬೆಸೆಯುತ್ತದೆ. ಮುಗಿದ ಭಾಗವನ್ನು ಆತನು ಪರೀಕ್ಷಿಸಿ, ತೆಗೆದು, ಮತ್ತೊಂದನ್ನು ಇಡುತ್ತಾನೆ.

ಇಂತಹ ಕೈಗಳು ಹುಟ್ಟಿದುದು ಅಮೆರಿಕದಲ್ಲಿ. ಜಾರ್ಜ್ ಡೆವೊಲ್ ಎಂಬವರು ೧೯೫೪ರಲ್ಲಿ ಹಕ್ಕುಪತ್ರಕ್ಕಾಗಿ ಅರ್ಜಿ ಸಲ್ಲಿಸಿದ ಯಂತ್ರವು ೧೯೬೧ರಲ್ಲಿ ನ್ಯೂಜೆರ್ಸಿಯ ಮೋಟಾರು ಕಾರ್ಖಾನೆಯೊಂದರಲ್ಲಿ, ಕಾದ ಎರಕದ ತುಂಡುಗಳನ್ನು ಎತ್ತಿಡುವ ಕೆಲಸಕ್ಕೆ ನಿಂತಿತು. ಆ ದಶಕ ಮುಗಿಯುವ ಹೊತ್ತಿಗೆ ಕಾರುಗಳ ಒಡಲನ್ನು ಬೆಸೆಯುವುದಕ್ಕೂ ಅದರ ಬಳಕೆ ಆರಂಭವಾಯಿತು. ನಮ್ಮ ನಾಡಿನಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯು ೧೯೯೯ರಲ್ಲಿ ವಾಹನ ತಯಾರಿಕೆಯನ್ನು ಆರಂಭಿಸಿತು; ಅಲ್ಲಿಯ ಬೆಸುಗೆಯ ವಿಭಾಗದಲ್ಲಿ ಈ ಕೈಗಳು ದುಡಿಯುತ್ತವೆ. ಹುಮನಾಬಾದಿನಿಂದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋದರೆ ಜಹೀರಾಬಾದಿನಲ್ಲಿ ವಾಹನ ಹಾಗೂ ಟ್ರ್ಯಾಕ್ಟರುಗಳ ಕಾರ್ಖಾನೆಗಳಿವೆ. ಪಶ್ಚಿಮಕ್ಕೆ ಹೋದರೆ ಪುಣೆ ಮತ್ತು ಚಾಕಣದ ಕೈಗಾರಿಕಾ ಪ್ರದೇಶ. ಹುಮನಾಬಾದಿನ ಸ್ವಂತ ಕೈಗಾರಿಕಾ ವಸಾಹತಿನಲ್ಲಿ ರಾಸಾಯನಿಕ ಮತ್ತು ಔಷಧಗಳ ಕಾರ್ಖಾನೆಗಳೇ ಹೆಚ್ಚು. ಆದ್ದರಿಂದ ಈ ವಿದ್ಯೆ ಕಲಿತ ತರುಣನು ಬಹುಮಟ್ಟಿಗೆ ಊರು ಬಿಟ್ಟು ಹೋಗುತ್ತಾನೆ. ರಾಜ್ಯದ ೧೫೦ ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ ೨೦೨೨ರ ಜೂನ್ ತಿಂಗಳಲ್ಲಿ ಲೋಕಾರ್ಪಣೆ ಮಾಡಲಾಯಿತು. ಅಲ್ಲಿ ಕಲಿಸುವ ವಿಷಯಗಳಲ್ಲಿ ರೋಬೋಟಿನ ವಿದ್ಯೆಯೂ ಒಂದು. ಮುಂದೆ ಈ ಪ್ರಶ್ನೆಯನ್ನು ಕೇಳುವ ಮಕ್ಕಳು ಹೆಚ್ಚುವರೇ ಹೊರತು ಕಡಿಮೆಯಾಗರು.

೩. ಪೂರ್ವಪಕ್ಷ

ಇದು ಕಾಯಕವಲ್ಲ ಎನ್ನುವವರು ಮೂರು ಆಕ್ಷೇಪಗಳನ್ನು ತರುತ್ತಾರೆ. ಅವನ್ನು ನ್ಯಾಯವಾಗಿ ಕೇಳಬೇಕು.

ಒಂದನೆಯ ಆಕ್ಷೇಪ: 'ಕಾಯಕ' ಎಂಬ ಪದದಲ್ಲಿಯೇ 'ಕಾಯ' ಇದೆ. ಕಾಯದಿಂದ ಮಾಡಿದುದು ಕಾಯಕ. ಇಲ್ಲಿ ಬಾಗಿದ ಬೆನ್ನಿಲ್ಲ, ಕಿಡಿ ತಾಗಿದ ಕೈಯಿಲ್ಲ. ಕಾಯವು ದಣಿಯದೆ ಕಾಯಕವೆಂತು?

ಎರಡನೆಯ ಆಕ್ಷೇಪ: ಬೆಸೆದುದು ಯಂತ್ರ, ಆದ್ದರಿಂದ ಕರ್ತೃವು ಯಂತ್ರ. ಇನ್ನೊಬ್ಬರು ಮಾಡಿದ ಕೆಲಸದ ಫಲವನ್ನು ತಾನು ಉಣ್ಣುವುದು ಸತ್ಯಶುದ್ಧವಲ್ಲ.

ಮೂರನೆಯ ಆಕ್ಷೇಪ: ಈ ಒಂದು ಕೈ ಬಂದಲ್ಲಿ ಅನೇಕರ ಕೈಗಳಿಗೆ ಕೆಲಸ ತಪ್ಪುತ್ತದೆ. ಅನ್ಯರ ಅನ್ನವನ್ನು ಕಳೆದು ಬಂದ ಸಂಪಾದನೆಯು ದಾಸೋಹಕ್ಕೆ ಸಲ್ಲುವುದೇ?

ಮೊದಲಿನ ಎರಡು ಆಕ್ಷೇಪಗಳಿಗೆ ಶಾಸ್ತ್ರದಲ್ಲಿಯೇ ಪರಿಹಾರವಿದೆ. ಮೂರನೆಯದು ಹೆಚ್ಚು ಕಠಿಣ. ಅದನ್ನು ಕೊನೆಗೆ ವಿಚಾರಿಸೋಣ.

೪. ಸಿದ್ಧಾಂತ: ಕರ್ತೃವಾರು, ಕರಣವಾವುದು?

ವ್ಯಾಕರಣಶಾಸ್ತ್ರದಲ್ಲಿ ಕಾರಕಗಳನ್ನು ಹೇಳುವಾಗ ಪಾಣಿನಿಯು ಕರ್ತೃವಿಗೂ ಕರಣಕ್ಕೂ ಸ್ಪಷ್ಟವಾದ ಭೇದವನ್ನು ಮಾಡಿದ್ದಾನೆ. ಕ್ರಿಯೆಯಲ್ಲಿ ಸ್ವಾತಂತ್ರ್ಯವುಳ್ಳವನು ಕರ್ತೃ. ಕ್ರಿಯೆಯು ಸಿದ್ಧಿಸಲು ಎಲ್ಲಕ್ಕಿಂತ ಹೆಚ್ಚಾಗಿ ನೆರವಾಗುವುದು ಕರಣ. ಬಡಗಿಯು ಬಾಚಿಯಿಂದ ಮರವನ್ನು ಕೆತ್ತುತ್ತಾನೆ ಎಂಬಲ್ಲಿ ಮರವನ್ನು ಮುಟ್ಟುವುದು ಬಾಚಿ. ಆದರೂ ಕರ್ತೃವು ಬಡಗಿಯೇ. ಮುಟ್ಟಿದುದರಿಂದ ಕರ್ತೃತ್ವ ಬರುವುದಿಲ್ಲ. ಮಾಡಲೂ ಮಾಡದಿರಲೂ ಸಮರ್ಥನಾಗಿರುವುದರಿಂದ ಬರುತ್ತದೆ. ಯಂತ್ರಹಸ್ತವು ಎಷ್ಟೇ ಚುರುಕಾಗಿರಲಿ, ತಪ್ಪಾಗುತ್ತಿದೆಯೆಂದು ಅಂಜಿ ನಿಲ್ಲುವ ಅಂತಃಕರಣ ಅದಕ್ಕಿಲ್ಲ. ಎಲ್ಲಿ ಅರಿವಿಲ್ಲವೋ ಅಲ್ಲಿ ಹೊಣೆಯಿಲ್ಲ. ಎಲ್ಲಿ ಹೊಣೆಯಿಲ್ಲವೋ ಅಲ್ಲಿ ಕರ್ತೃತ್ವವಿಲ್ಲ. ಆದಕಾರಣ ಯಂತ್ರವು ಕರಣವೇ ಸರಿ.

ಶರಣರ ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಗಾಣದ ಕಣ್ಣಪ್ಪನವರ ಗಾಣವನ್ನು ತಿರುಗಿಸಿದುದು ಎತ್ತು. ಎಣ್ಣೆಯ ಕಾಯಕ ಕಣ್ಣಪ್ಪನವರದು. ಹರಿಹರ ಕವಿಯ ರಗಳೆಯಲ್ಲಿ ಬರುವ ಕುಂಬಾರ ಗುಂಡಯ್ಯನವರು ನಮ್ಮ ಬೀದರ ಜಿಲ್ಲೆಯ ಭಾಲ್ಕಿಯವರೆಂದು ಪ್ರಸಿದ್ಧಿ. ಅವರ ಮಡಕೆಗೆ ದುಂಡನ್ನು ಕೊಟ್ಟುದು ಚಕ್ರ. ಆದರೂ ಶಿವನು ಮೆಚ್ಚಿ ಕುಣಿದುದು ಚಕ್ರಕ್ಕಲ್ಲ, ಗುಂಡಯ್ಯನವರ ಮಡಕೆಯ ದನಿಗೆ. ಉಪಕರಣವು ದೊಡ್ಡದಾದ ಮಾತ್ರಕ್ಕೆ ಕಾಯಕವು ಚಿಕ್ಕದಾಗುವುದಿಲ್ಲ.

ಇನ್ನು ಕಾಯದ ದಣಿವಿನ ವಿಷಯ. ಕಾಯವೆಂದರೆ ಕೈಕಾಲು ಮಾತ್ರವಲ್ಲ. ಕಣ್ಣು, ಕಿವಿ, ಮೂಗು, ಎಚ್ಚರ ಇವೂ ಕಾಯದಲ್ಲಿ ಇವೆ. ಬೆಸುಗೆ ಸರಿಯಾಗಿ ನಡೆಯುವಾಗ ಒಂದೇ ಸಮನಾದ ಸದ್ದು ಬರುತ್ತದೆ. ತಂತಿ ತಡವರಿಸಿದರೆ ಸದ್ದು ಒಡೆಯುತ್ತದೆ. ಅದನ್ನು ಕೇಳುವುದು ಆಪರೇಟರನ ಕಿವಿ. ಎಂಟು ತಾಸು ನಿಂತು ಎಚ್ಚರವಾಗಿರುವುದು ಕಡಿಮೆ ದಣಿವಲ್ಲವೆಂಬುದನ್ನು ರಾತ್ರಿಯ ಪಾಳಿಯಲ್ಲಿ ದುಡಿದವರು ಬಲ್ಲರು.

ಈ ಸಂದರ್ಭದಲ್ಲಿ 'ರೋಬೋಟು' ಎಂಬ ಪದದ ಹುಟ್ಟನ್ನು ತಿಳಿಯುವುದು ಉಪಯುಕ್ತ. ಕಾರೆಲ್ ಚಾಪೆಕ್ ಎಂಬ ಚೆಕ್ ಭಾಷೆಯ ಸಾಹಿತಿಯು ೧೯೨೦ರಲ್ಲಿ ಬರೆದ ನಾಟಕದಿಂದ ಈ ಪದ ಬಳಕೆಗೆ ಬಂದಿತು. ಇದರ ಮೂಲವಾದ ಆ ಭಾಷೆಯ 'ರೊಬೊತಾ' ಎಂಬ ಮಾತಿಗೆ ಒಕ್ಕಲು ಜಮೀನುದಾರನಿಗೆ ಬಲವಂತದಿಂದ ಮಾಡಿಕೊಡಬೇಕಾದ ದುಡಿಮೆ, ಎಂದರೆ ನಮ್ಮ ಹಿರಿಯರು 'ಬಿಟ್ಟಿ' ಎನ್ನುತ್ತಿದ್ದುದು, ಎಂಬ ಅರ್ಥವಿದೆ. ಬಿಟ್ಟಿಯಲ್ಲಿ ಮನಸ್ಸಿಲ್ಲ, ಒಪ್ಪಿಗೆಯಿಲ್ಲ, ಅರ್ಪಣೆಯಿಲ್ಲ. ಕಾಯಕದಲ್ಲಿ ಈ ಮೂರೂ ಇವೆ. ಹೀಗಿರಲು ಭಯಪಡಬೇಕಾದುದು ಯಂತ್ರವು ಮನುಷ್ಯನಂತಾಗುವುದಕ್ಕಲ್ಲ. ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯನು ಮನಸ್ಸನ್ನು ಮನೆಯಲ್ಲಿ ಬಿಟ್ಟು ಬಂದು, ತನ್ನ ದುಡಿಮೆಯನ್ನು ತಾನೇ ಬಿಟ್ಟಿಯನ್ನಾಗಿ ಮಾಡಿಕೊಳ್ಳುವುದಕ್ಕೆ ಭಯಪಡಬೇಕು. ನಮ್ಮ ತರುಣನು ಮಾಡುವುದು ಕಾಯಕವೋ ಬಿಟ್ಟಿಯೋ ಎಂಬುದು ಯಂತ್ರವನ್ನು ನೋಡಿ ನಿರ್ಣಯವಾಗತಕ್ಕದ್ದಲ್ಲ. ಆತನು ನಿಲ್ಲುವ ರೀತಿಯಿಂದ ನಿರ್ಣಯವಾಗತಕ್ಕದ್ದು.

೫. ಆಪರೇಟರನ ವ್ರತಗಳು

ಹಾಗಾದರೆ ಆತನು ಹೇಗೆ ನಿಲ್ಲಬೇಕು? ಈ ಕೆಲಸದಲ್ಲಿ ಪಾಲಿಸತಕ್ಕ ನಿಯಮಗಳು ಹಲವು. ಅವುಗಳಲ್ಲಿ ಮುಖ್ಯವಾದ ನಾಲ್ಕನ್ನು ವ್ರತರೂಪದಲ್ಲಿ ಇಲ್ಲಿ ಹೇಳುತ್ತೇವೆ.

(ಅ) ಶುದ್ಧಿವ್ರತ. ತಗಡಿನ ಮೇಲೆ ಎಣ್ಣೆ, ತುಕ್ಕು, ತೇವ ಇದ್ದರೆ ಅವು ಶಾಖಕ್ಕೆ ವಾಯುವಾಗಿ ಕರಗಿದ ಲೋಹದೊಳಗೆ ಸಿಕ್ಕಿಕೊಳ್ಳುತ್ತವೆ. ಆರಿದ ಬೆಸುಗೆಯಲ್ಲಿ ಸೂಕ್ಷ್ಮವಾದ ರಂಧ್ರಗಳು ಉಳಿಯುತ್ತವೆ. ಪಕ್ಕದಲ್ಲಿ ಯಾರೋ ಸೆಕೆಯೆಂದು ಬೀಸಣಿಗೆ ತಿರುಗಿಸಿದರೂ ಕಾಪಾಡುವ ವಾಯುವು ಚದುರಿ ಅದೇ ದೋಷ ಬರುತ್ತದೆ. ಮೂತಿಯೊಳಗೆ ಕಿಡಿಯ ಕಣಗಳು ಮೆತ್ತಿಕೊಂಡರೂ ಹಾಗೆಯೇ. ಅಂತರಂಗ ಬಹಿರಂಗಗಳ ಶುದ್ಧಿಯನ್ನು ಬಸವಾದಿ ಶರಣರು ಒಟ್ಟಿಗೆ ಹೇಳಿದರು. ಹೊರಗಿನ ಕೊಳೆಯು ಒಳಗಿನ ಟೊಳ್ಳಾಗುತ್ತದೆಂಬುದನ್ನು ಈ ಬೆಸುಗೆಗಿಂತ ಚೆನ್ನಾಗಿ ತೋರಿಸುವ ದೃಷ್ಟಾಂತ ದೊರೆಯಲಾರದು. ಒರೆಸುವ ಬಟ್ಟೆಯನ್ನು ಕೈಗೆತ್ತಿಕೊಳ್ಳಲು ನಾಚುವವನು ಈ ಕೆಲಸಕ್ಕೆ ಯೋಗ್ಯನಲ್ಲ.

(ಆ) ಬೋಧನವ್ರತ. ರೋಬೋಟಿಗೆ ಹಾದಿಯನ್ನು ಕಲಿಸಬೇಕಾಗುತ್ತದೆ. ಕೈಯಲ್ಲಿ ಹಿಡಿಯುವ ಒಂದು ಹಲಗೆಯಿಂದ ಅದನ್ನು ಮೆಲ್ಲನೆ ನಡೆಸಿ, ಇಲ್ಲಿ ಆರಂಭಿಸು, ಇಲ್ಲಿ ಬಾಗು, ಇಲ್ಲಿ ನಿಲ್ಲು ಎಂದು ಒಂದೊಂದು ಬಿಂದುವನ್ನೂ ನೆನಪಿಡಿಸುತ್ತಾರೆ. ಕಲಿಸುವಾಗ ಅದು ಸೆಕೆಂಡಿಗೆ ೨೫೦ ಮಿಲಿಮೀಟರಿಗಿಂತ ವೇಗವಾಗಿ ಚಲಿಸದಂತೆ ಮಿತಿಯಿದೆ. ಆ ಹಲಗೆಯ ಹಿಂಬದಿಯ ಗುಂಡಿಗೆ ಮೂರು ಸ್ಥಿತಿಗಳಿವೆ. ಸಡಿಲ ಬಿಟ್ಟರೂ ಯಂತ್ರ ನಿಲ್ಲುತ್ತದೆ, ಗಾಬರಿಯಿಂದ ಬಿಗಿಯಾಗಿ ಅಮುಕಿದರೂ ನಿಲ್ಲುತ್ತದೆ. ಹದವಾಗಿ ಹಿಡಿದಾಗ ಮಾತ್ರ ನಡೆಯುತ್ತದೆ. ಕಲಿಸುವವನು ಹೀಗೆಯೇ ಇರಬೇಕೆಂಬುದನ್ನು ಪಾಠಶಾಲೆಯವರಾದ ನಾವೂ ಒಪ್ಪುತ್ತೇವೆ. ಒಂದು ಬಿಂದುವನ್ನು ೨ ಮಿಲಿಮೀಟರು ತಪ್ಪಾಗಿ ಕಲಿಸಿದರೆ ಯಂತ್ರವು ಆ ತಪ್ಪನ್ನು ಸಾವಿರ ಬಾರಿ ಶ್ರದ್ಧೆಯಿಂದ ಮಾಡುತ್ತದೆ. ಶಿಷ್ಯನಿಗೆ ವಿವೇಕವಿದ್ದರೆ ಗುರುವಿನ ತಪ್ಪು ಅವನಲ್ಲಿ ನಿಲ್ಲಬಹುದು. ಈ ಶಿಷ್ಯನಲ್ಲಿ ನಿಲ್ಲದು. ಆದುದರಿಂದ ಮೊದಲನೆಯ ಭಾಗವನ್ನು ಅಳತೆ ಮಾಡಿ, ಒಪ್ಪಿಗೆಯಾದ ಮೇಲೆಯೇ ಎರಡನೆಯದನ್ನು ಆರಂಭಿಸುವ ಕಟ್ಟಳೆಯನ್ನು ಎಂದೂ ಮುರಿಯಬಾರದು.

(ಇ) ಸತ್ಯವ್ರತ. ಇದು ಎಲ್ಲಕ್ಕಿಂತ ಮಿಗಿಲು. ಬೆಸುಗೆಯ ಒಂದು ದೋಷವು ಕಣ್ಣಿಗೆ ಕಾಣುವುದಿಲ್ಲ. ಮೇಲೆ ಸಾಲು ಹೊಳೆಯುತ್ತಿರುತ್ತದೆ. ಕೆಳಗೆ ಎರಡು ಲೋಹಗಳು ಬೆರೆತೇ ಇರುವುದಿಲ್ಲ. ಭಾಗವನ್ನು ಅಡ್ಡಲಾಗಿ ಕತ್ತರಿಸಿ, ಉಜ್ಜಿ, ಆಮ್ಲ ಸವರಿದಾಗ ಮಾತ್ರ ಒಳಗಿನ ಸತ್ಯ ತೋರುತ್ತದೆ. ಎಲ್ಲ ಭಾಗಗಳನ್ನೂ ಕತ್ತರಿಸಲು ಸಾಧ್ಯವಿಲ್ಲ; ಆಗೊಂದು ಈಗೊಂದನ್ನು ಕತ್ತರಿಸಿ ನೋಡುತ್ತಾರೆ. ಉಳಿದವುಗಳಿಗೆ ಆಪರೇಟರನ ಸಹಿಯೇ ಸಾಕ್ಷಿ. ತಂತಿ ಹೊರಡುವ ತಾಮ್ರದ ತುದಿ ಸವೆದಿದೆ, ಬದಲಿಸಬೇಕು, ಬದಲಿಸಲು ಕೆಲಸ ನಿಲ್ಲಬೇಕು, ನಿಲ್ಲಿಸಿದರೆ ಆ ತಾಸಿನ ಎಣಿಕೆ ಕಡಿಮೆಯಾಗುತ್ತದೆ, ಮೇಲ್ವಿಚಾರಕನು ಗದರುತ್ತಾನೆ. ಹಾಳೆಯಲ್ಲಿ 'ಪರೀಕ್ಷಿಸಲಾಗಿದೆ' ಎಂಬಲ್ಲಿ ಗುರುತು ಹಾಕಲು ಒಂದು ಕ್ಷಣ ಸಾಕು. ಇಲ್ಲಿಯೇ ಧರ್ಮಸಂಕಟ.

ಆ ಭಾಗವು ನಾಳೆ ಟ್ರ್ಯಾಕ್ಟರಿನ ಚೌಕಟ್ಟಾಗಬಹುದು, ಮಕ್ಕಳನ್ನು ಶಾಲೆಗೆ ಒಯ್ಯುವ ವಾಹನದ ಒಡಲಾಗಬಹುದು. ಹಲಬರ್ಗಾದ ದಾರಿಯಲ್ಲಿಯೋ ಮನ್ನಾಏಖೇಳಿಯ ತಿರುವಿನಲ್ಲಿಯೋ ಅದು ಬಿರಿದರೆ, ಬೆಸೆದವನು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳುವವರಿಲ್ಲದ ಕಡೆ ಮಾಡಿದ ಕೆಲಸವೇ ಸತ್ಯಶುದ್ಧತೆಯ ಒರೆಗಲ್ಲು. ಎದೆಯ ಮೇಲೆ ಇಷ್ಟಲಿಂಗವನ್ನು ಧರಿಸಿದವನಿಗೆ 'ಯಾರೂ ನೋಡಲಿಲ್ಲ' ಎಂಬ ಮಾತು ಇಲ್ಲ. ಸಂಶಯವಿದ್ದರೆ ಯಂತ್ರವನ್ನು ನಿಲ್ಲಿಸಿ, ಮೇಲಿನವರಿಗೆ ತಿಳಿಸಿ, ಸಂಶಯದ ಭಾಗಗಳನ್ನು ಬೇರೆ ಇರಿಸತಕ್ಕದ್ದು. ಗದರಿಕೆಯು ಒಂದು ಗಳಿಗೆಯದು. ಸುಳ್ಳು ಸಹಿಯು ಬಹುಕಾಲ ಉಳಿಯುತ್ತದೆ.

(ಈ) ದೇಹರಕ್ಷಣವ್ರತ. ಅಂಗವು ಲಿಂಗದ ನೆಲೆ. ಅದನ್ನು ಅಜಾಗ್ರತೆಯಿಂದ ಕೆಡಿಸುವ ಅಧಿಕಾರ ನಮಗಿಲ್ಲ. ಯಂತ್ರಹಸ್ತದ ಸುತ್ತ ಬೇಲಿ, ಬಾಗಿಲು, ಬೆಳಕಿನ ಪರದೆ ಇರುತ್ತವೆ. ಬಾಗಿಲು ತೆರೆದರೆ ಅಥವಾ ಬೆಳಕಿಗೆ ಅಡ್ಡ ಬಂದರೆ ಯಂತ್ರ ತಾನಾಗಿ ನಿಲ್ಲುವಂತೆ ಏರ್ಪಾಡಿರುತ್ತದೆ. ತ್ವರೆಯ ಸಲುವಾಗಿ ಆ ಏರ್ಪಾಡನ್ನು ವಂಚಿಸುವ ಕೆಟ್ಟ ಅಭ್ಯಾಸ ಕೆಲವೆಡೆ ಇದೆ. ೨೦೧೫ರ ಆಗಸ್ಟ್ ತಿಂಗಳಲ್ಲಿ ಹರಿಯಾಣದ ಮಾನೇಸರದ ಕಾರ್ಖಾನೆಯೊಂದರಲ್ಲಿ, ಸ್ಥಾನ ತಪ್ಪಿದ ತಗಡನ್ನು ಸರಿಪಡಿಸಲು ರೋಬೋಟಿನ ಸಮೀಪಕ್ಕೆ ಹೋದ ಎಳೆಯ ವಯಸ್ಸಿನ ಕಾರ್ಮಿಕನೊಬ್ಬನು ಪ್ರಾಣ ಕಳೆದುಕೊಂಡ ವಾರ್ತೆ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ನಿಂತಂತೆ ಕಾಣುವ ಯಂತ್ರವು ನಿಂತಿರುವುದೆಂದು ನಂಬಬಾರದು. ಮುಂದಿನ ಸೂಚನೆಗಾಗಿ ಕಾಯುತ್ತಿರಬಹುದು. ವಿದ್ಯುತ್ತನ್ನು ತಪ್ಪಿಸಿ, ಬೀಗ ಹಾಕಿ, ಬೀಗದ ಕೈಯನ್ನು ತನ್ನ ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಒಳಗೆ ಕಾಲಿಡತಕ್ಕದ್ದು. ಬೆಸುಗೆಯ ಬೆಳಕು ಕಣ್ಣಿಗೆ, ಹೊಗೆ ಶ್ವಾಸಕೋಶಕ್ಕೆ ಹಾನಿಕರ. ಹೊಗೆಯನ್ನು ಎಳೆಯುವ ಕೊಳವೆ ಕೆಟ್ಟಿದ್ದರೆ ಅದನ್ನು ಕೇಳಿ ಸರಿಪಡಿಸಿಕೊಳ್ಳುವುದು ಉದ್ಧಟತನವಲ್ಲ, ಕರ್ತವ್ಯ. ಇವೆಲ್ಲವನ್ನೂ ಒದಗಿಸಿ ಕಾಪಾಡುವುದು ಮಾಲೀಕನ ವ್ರತ. ಆತನು ತಪ್ಪಿದರೆ ಕಾರ್ಮಿಕನ ಮೇಲೆ ದೋಷ ಹೊರಿಸುವುದು ಅನ್ಯಾಯ.

೬. ಗೃಹಸ್ಥರ ಶಂಕೆಗಳು, ಸಮಾಧಾನಗಳು

ಶಂಕೆ: ಕಾರ್ಖಾನೆಯಲ್ಲಿ ಸರ, ಉಂಗುರ, ಕಡಗಗಳನ್ನು ಧರಿಸಕೂಡದೆಂಬ ನಿಯಮವಿದೆ. ಇಷ್ಟಲಿಂಗವನ್ನು ಏನು ಮಾಡಬೇಕು?

ಸಮಾಧಾನ: ಲಿಂಗವನ್ನು ಅಗಲಿ ಇರುವುದು ಸಲ್ಲದು, ನಿಯಮವನ್ನು ಮುರಿಯುವುದೂ ಸಲ್ಲದು. ಲಿಂಗಧಾರಣೆಗೆ ಕೊರಳಲ್ಲದೆ ವಕ್ಷಸ್ಥಲ, ಕಕ್ಷ ಮುಂತಾದ ಸ್ಥಾನಗಳನ್ನೂ ಪೂರ್ವಿಕರು ಹೇಳಿದ್ದಾರೆ. ನಾಭಿಯಿಂದ ಕೆಳಗೆ ಇರಬಾರದೆಂಬುದಷ್ಟೇ ಕಟ್ಟು. ಬೆಳ್ಳಿಯ ಕರಡಿಗೆಯನ್ನು ಮನೆಯಲ್ಲಿಟ್ಟು, ಶುದ್ಧವಾದ ಹತ್ತಿಯ ವಸ್ತ್ರದಲ್ಲಿ ಲಿಂಗವನ್ನು ಸುತ್ತಿ, ಒಳ ಅಂಗಿಯ ಕೆಳಗೆ ಎದೆಗೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಶಿವದಾರವು ಹತ್ತಿಯದೇ ಇರಲಿ. ನೈಲಾನಿನ ದಾರ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಯಾವುದೂ ಹೊರಗೆ ಜೋಲಾಡಬಾರದು. ಸುರಕ್ಷಾಧಿಕಾರಿಗೆ ಇದನ್ನು ಮುಚ್ಚಿಡದೆ ತಿಳಿಸಿ, ಒಪ್ಪಿಗೆ ಪಡೆಯುವುದು ಲೇಸು.

ಶಂಕೆ: ಪಾಳಿಗಳು ವಾರವಾರಕ್ಕೆ ಬದಲಾಗುತ್ತವೆ. ಪೂಜೆಯ ಹೊತ್ತು ತಪ್ಪುತ್ತದೆ.

ಸಮಾಧಾನ: ನುಲಿಯ ಚಂದಯ್ಯನವರ ಪ್ರಸಂಗವನ್ನು ನೆನೆಯಿರಿ. ಹುಲ್ಲು ಕೊಯ್ಯುತ್ತಿದ್ದಾಗ ಅವರ ಲಿಂಗವು ಜಾರಿ ಬಿದ್ದಿತು; ಅವರು ಕಾಯಕವನ್ನು ಬಿಡದೆ ನಡೆದರು; ಲಿಂಗವೇ ಬೆನ್ನಟ್ಟಿ ಬಂದಿತು; ಮಡಿವಾಳ ಮಾಚಯ್ಯನವರು ನಡುವೆ ಬಂದು ಸಮಾಧಾನಗೊಳಿಸಿದರು ಎಂದು ಶೂನ್ಯಸಂಪಾದನೆಯಲ್ಲಿ ಬಂದಿದೆ. ಬಸವಕಲ್ಯಾಣದಲ್ಲಿ ಅವರ ಹೆಸರಿನ ಗವಿಯನ್ನು ನೋಡಿದವರೆಲ್ಲ ಈ ಕಥೆಯನ್ನು ಕೇಳಿರುತ್ತಾರೆ. ಲಿಂಗವನ್ನು ಅಲಕ್ಷಿಸಬೇಕೆಂಬುದು ಇದರ ತಾತ್ಪರ್ಯವಲ್ಲ; ಕಾಯಕವನ್ನು ಲಿಂಗಪೂಜೆಯಿಂದ ಬೇರೆಯೆಂದು ಎಣಿಸಬಾರದೆಂಬುದು. ರಾತ್ರಿಯ ಪಾಳಿಯವನು ಬೆಳಿಗ್ಗೆ ಬಂದು, ಮಿಂದು, ಪೂಜಿಸಿ, ಪ್ರಸಾದ ಸ್ವೀಕರಿಸಿ ಮಲಗಲಿ. ಗಡಿಯಾರದ ಹೊತ್ತು ಬದಲಾಗಬಹುದು. ನೇಮ ಬದಲಾಗದಿದ್ದರೆ ಸಾಕು. ನಿದ್ರೆಗೆಟ್ಟು ಪೂಜಿಸಿ ಯಂತ್ರದ ಮುಂದೆ ತೂಕಡಿಸುವುದು ಭಕ್ತಿಯಲ್ಲ.

ಶಂಕೆ: ಹೆಚ್ಚು ಹೊತ್ತು ದುಡಿದರೆ ಹೆಚ್ಚು ಹಣ. ಇದು ತಪ್ಪೇ?

ಸಮಾಧಾನ: ಮನೆಯ ಅವಶ್ಯಕತೆಗೆ ದುಡಿಯುವುದು ತಪ್ಪಲ್ಲ. ಆದರೆ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಆಸೆಯೆಂದು ಗುರುತಿಸಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದರು. ನಮ್ಮ ಮನೆಗಳ ತಾಯಂದಿರೂ ಪತ್ನಿಯರೂ ಲಕ್ಕಮ್ಮನವರ ಸ್ಥಾನದಲ್ಲಿದ್ದಾರೆ. ಮಗನ ಮೊಬೈಲಿಗೋ ಮೋಟಾರು ಸೈಕಲಿಗೋ ಗಂಡನು ಎರಡು ಪಾಳಿ ನಿಂತು ಕಣ್ಣು ಕೆಡಿಸಿಕೊಳ್ಳುವಾಗ 'ಸಾಕು' ಎಂದು ಹೇಳುವ ಧೈರ್ಯ ಮನೆಯಿಂದಲೇ ಬರಬೇಕು.

ಶಂಕೆ: ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗಬಹುದೇ?

ಸಮಾಧಾನ: ಭಾರವನ್ನು ಯಂತ್ರವೇ ಹೊರುವಲ್ಲಿ ತೋಳಿನ ಬಲದ ಮಾತು ಏತಕ್ಕೆ? ಕೊಟ್ಟಣದ ಸೋಮಮ್ಮನವರು, ಸತ್ಯಕ್ಕನವರು, ಲಕ್ಕಮ್ಮನವರು ತಮ್ಮ ತಮ್ಮ ಕಾಯಕದಿಂದಲೇ ಶರಣೆಯರೆನಿಸಿದರು. ವಿದ್ಯೆಯೂ ಇಚ್ಛೆಯೂ ಇದ್ದಲ್ಲಿ ತಡೆಯತಕ್ಕದ್ದಲ್ಲ.

೭. ಮೂರನೆಯ ಆಕ್ಷೇಪದ ವಿಚಾರ

ಈಗ ಕಠಿಣವಾದ ಆಕ್ಷೇಪಕ್ಕೆ ಬರೋಣ. ಯಂತ್ರವು ಕೈಗಳನ್ನು ಬಿಡಿಸುತ್ತದೆಯೇ? ಕೆಲವೆಡೆ ಬಿಡಿಸುತ್ತದೆ, ಇದನ್ನು ಅಲ್ಲಗಳೆಯುವುದು ಸತ್ಯಕ್ಕೆ ದೂರ. ಒಂದೇ ತೆರನಾದ ಸಾವಿರಾರು ಭಾಗಗಳು ಬೇಕಾದಲ್ಲಿ ಯಂತ್ರಹಸ್ತವು ದಣಿಯದೆ, ತೂಕಡಿಸದೆ ಮಾಡುತ್ತದೆ. ಅಲ್ಲಿ ಕೈಬೆಸುಗೆಯವನು ನಿಲ್ಲಲಾರನು. ಆದರೆ ಆಟೋನಗರಕ್ಕೆ ಬರುವ ಲಾರಿಗಳಲ್ಲಿ ಒಂದು ಮುರಿದಂತೆ ಇನ್ನೊಂದು ಮುರಿದಿರುವುದಿಲ್ಲ. ಎಲ್ಲಿ ಬಿರುಕು, ಎಷ್ಟು ಆಳ, ಯಾವ ಮಗ್ಗುಲಿನಿಂದ ಕೈ ಹಾಕಬೇಕು ಎಂಬುದನ್ನು ಪ್ರತಿ ಸಲವೂ ಹೊಸದಾಗಿ ನಿಶ್ಚಯಿಸಬೇಕು. ಇಂತಹ ಕಡೆ ಮನುಷ್ಯನ ಕಣ್ಣಿಗೂ ಕೈಗೂ ಬೆಲೆ ತಗ್ಗಿಲ್ಲ.

ಇನ್ನೊಂದು ಮಾತನ್ನು ಹಿರಿಯ ಬೆಸುಗೆಗಾರರು ತಿಳಿಯಬೇಕು. ಕರಗಿದ ಲೋಹವು ಹೇಗೆ ಹರಿಯುತ್ತದೆ, ಯಾವಾಗ ತಗಡು ತೂತಾಗುತ್ತದೆ, ಯಾವ ಕೋನದಲ್ಲಿ ಅಂಚು ಕೊರೆದುಹೋಗುತ್ತದೆ ಎಂಬುದನ್ನು ಕೈಯಿಂದ ಬೆಸೆದು ಬಲ್ಲವನೇ ಯಂತ್ರಕ್ಕೆ ಒಳ್ಳೆಯ ಹಾದಿಯನ್ನು ಕಲಿಸಬಲ್ಲನು. ಗುಂಡಿಗಳನ್ನು ಒತ್ತಲು ಕೆಲವು ವಾರಗಳ ಅಭ್ಯಾಸ ಸಾಕು. ಕರಗಿದ ಲೋಹದ ಗುಣವನ್ನು ಅರಿಯಲು ವರ್ಷಗಳು ಬೇಕು. ಆದಕಾರಣ ಆಟೋನಗರದ ತಂದೆಯು ಮಗನನ್ನು ತರಬೇತಿ ಸಂಸ್ಥೆಗೆ ಕಳುಹಿಸುವ ಮೊದಲು ತನ್ನ ವಿದ್ಯೆಯನ್ನು ಧಾರೆಯೆರೆಯಲಿ. ತಂದೆಯ ಕಾಯಕವು ಮಗನಲ್ಲಿ ರೂಪಾಂತರ ಹೊಂದಿ ಉಳಿಯುತ್ತದೆ.

ಆದರೂ ಕೆಲಸ ಕಳೆದುಕೊಂಡ ನಲವತ್ತರ ವಯಸ್ಸಿನವನಿಗೆ ಈ ಮಾತಿನಿಂದ ಹೊಟ್ಟೆ ತುಂಬದು. ಇಲ್ಲಿಯೇ ದಾಸೋಹತತ್ತ್ವದ ಪರೀಕ್ಷೆ. ದಾಸೋಹವೆಂದರೆ ಜಾತ್ರೆಯ ಅನ್ನಸಂತರ್ಪಣೆ ಮಾತ್ರವೆಂದು ತಿಳಿದವರು ಅದನ್ನು ಸಂಕುಚಿತಗೊಳಿಸಿದ್ದಾರೆ. ಯಂತ್ರದಿಂದ ಬಂದ ಹೆಚ್ಚಿನ ಲಾಭವು ಒಬ್ಬನ ಪೆಟ್ಟಿಗೆಯಲ್ಲಿ ಮಾತ್ರ ಕೂಡಿದರೆ ಅದು ಲಕ್ಕಮ್ಮನವರು ಹಿಂದಿರುಗಿಸಿದ ಅಕ್ಕಿಯಂತಹುದೇ. ಭಕ್ತನಾದ ಮಾಲೀಕನು ಹಳೆಯ ಕೆಲಸಗಾರರಿಗೆ ಹೊಸ ವಿದ್ಯೆಯನ್ನು ತನ್ನ ಖರ್ಚಿನಲ್ಲಿ ಕಲಿಸಲಿ. ಕಲಿಯಲಾರದವರಿಗೆ ಬೇರೊಂದು ಕೆಲಸವನ್ನು ಕಲ್ಪಿಸಲಿ. ಭಕ್ತನಾದ ಆಪರೇಟರನು ತನ್ನ ವಿದ್ಯೆಯನ್ನು ಮುಚ್ಚಿಡದೆ ಪಕ್ಕದವನಿಗೆ ಹೇಳಿಕೊಡಲಿ. ರಜೆಯಲ್ಲಿ ಊರಿಗೆ ಬಂದಾಗ ಓಣಿಯ ಇಬ್ಬರು ಹುಡುಗರಿಗೆ ದಾರಿ ತೋರಿಸಲಿ. ಹಣದ ದಾಸೋಹಕ್ಕಿಂತ ವಿದ್ಯೆಯ ದಾಸೋಹ ಕಡಿಮೆಯಲ್ಲ. ಯಂತ್ರವು ತಾನಾಗಿ ಪಾಪವನ್ನೂ ಮಾಡದು, ಪುಣ್ಯವನ್ನೂ ಮಾಡದು. ಅದರ ಫಲವನ್ನು ಹಂಚುವ ಕೈಗಳಲ್ಲಿ ಅವೆರಡೂ ಇವೆ.

೮. ಬೆಸುಗೆಯಿಂದ ಒಂದು ತತ್ತ್ವ

ಕೊನೆಯದಾಗಿ, ಷಟ್‌ಸ್ಥಲವನ್ನು ಅಭ್ಯಸಿಸುವವರಿಗೆ ಈ ಕೆಲಸವು ಒದಗಿಸುವ ದೃಷ್ಟಾಂತವೊಂದನ್ನು ಹೇಳಿ ಪಾಠವನ್ನು ಮುಗಿಸುತ್ತೇವೆ.

ಎರಡು ಲೋಹಗಳನ್ನು ಕೂಡಿಸಲು ಮೂರು ವಿಧಗಳಿವೆ. ತಿರುಪು ಹಾಕಿ ಬಿಗಿಯುವುದು ಒಂದು. ಅಲ್ಲಿ ಎರಡೂ ಬೇರೆಯಾಗಿಯೇ ಉಳಿಯುತ್ತವೆ, ತಿರುಪು ಸಡಿಲಿದರೆ ಅಗಲುತ್ತವೆ. ತವರದ ಬೆಸುಗೆ ಎರಡನೆಯದು. ಅಲ್ಲಿ ನಡುವಿನ ತವರ ಮಾತ್ರ ಕರಗುತ್ತದೆ, ಮೂಲಲೋಹಗಳು ಕರಗುವುದಿಲ್ಲ. ಮೂರನೆಯದು ಈ ವಿದ್ಯುತ್ತಿನ ಬೆಸುಗೆ. ಇಲ್ಲಿ ಎರಡರ ಅಂಚುಗಳೂ ಕರಗಿ ಒಂದಾಗುತ್ತವೆ. ಭಯಭಕ್ತಿಯು ತಿರುಪಿನಂತೆ, ಫಲಾಪೇಕ್ಷೆಯ ಭಕ್ತಿಯು ತವರದಂತೆ, ಲಿಂಗಾಂಗ ಸಾಮರಸ್ಯವು ಮೂರನೆಯದರಂತೆ. ಅಹಂಕಾರವೆಂಬ ಅಂಚು ಕರಗದೆ ಸಾಮರಸ್ಯವಿಲ್ಲ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಹಾದಿಯು ಈ ಕರಗುವಿಕೆಯ ಹಾದಿಯೇ. ಪಾಳಿಯಲ್ಲಿ ನಿಂತ ಭಕ್ತನು ಕಪ್ಪು ಗಾಜಿನ ಮರೆಯಿಂದ ಆ ಬೆಳಕನ್ನು ನೋಡುವಾಗ ಇದನ್ನು ಒಮ್ಮೆ ನೆನೆದರೆ ಆತನಿಗೆ ಕಾರ್ಖಾನೆಯೂ ಮಠವಾಗುತ್ತದೆ.

೯. ಸಂಗ್ರಹ

ಯಂತ್ರಹಸ್ತವು ಕರಣ, ಆಪರೇಟರನು ಕರ್ತೃ. ಎಚ್ಚರವೇ ಇಲ್ಲಿ ಕಾಯದ ದಣಿವು. ಕಾಣದ ದೋಷವನ್ನು ಮುಚ್ಚದಿರುವುದು ಸತ್ಯಶುದ್ಧಿ. ದೇಹವನ್ನು ಕಾಯುವುದು ಲಿಂಗನಿಷ್ಠೆ. ಲಾಭವನ್ನೂ ವಿದ್ಯೆಯನ್ನೂ ಹಂಚುವುದು ದಾಸೋಹ. ಇವಿಷ್ಟೂ ಇದ್ದಲ್ಲಿ ಅದು ಕಾಯಕವೇ ಸರಿ. ಇಲ್ಲದಿದ್ದಲ್ಲಿ ಕೈಯಿಂದಲೇ ಮಾಡಿದರೂ ಅದು ಬಿಟ್ಟಿಯೇ.

ಮನನಕ್ಕಾಗಿ ಪ್ರಶ್ನೆಗಳು:

೧. ಕಾಯಕದ ನಾಲ್ಕು ಲಕ್ಷಣಗಳಾವುವು? ನಿಮ್ಮ ಮನೆಯ ಉದ್ಯೋಗಕ್ಕೆ ಅವನ್ನು ಅನ್ವಯಿಸಿ ನೋಡಿರಿ.
೨. ಕರ್ತೃ ಮತ್ತು ಕರಣಗಳಿಗೆ ಭೇದವೇನು? ಗಾಣದ ಉದಾಹರಣೆಯಿಂದ ವಿವರಿಸಿರಿ.
೩. ನುಲಿಯ ಚಂದಯ್ಯನವರ ಪ್ರಸಂಗದ ತಾತ್ಪರ್ಯವನ್ನು ಮಕ್ಕಳಿಗೆ ತಿಳಿಯುವಂತೆ ಹೇಳಿರಿ.
೪. ಯಾರೂ ಪರೀಕ್ಷಿಸದ ಯಾವ ಕೆಲಸವನ್ನು ನೀವು ಈ ವಾರ ಮಾಡಿದಿರಿ? ಅದನ್ನು ಹೇಗೆ ಮಾಡಿದಿರಿ?

ಸರ್ವರಿಗೂ ಸತ್ಯಶುದ್ಧ ಕಾಯಕದಲ್ಲಿ ನಿಷ್ಠೆಯುಂಟಾಗಲಿ. ಶಿವಂ ಭೂಯಾತ್.